ಹೆಸರಲ್ಲ, ಕಾಗದ ತೋರಿಸಿ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಸೊಸೆ, ಅಳಿಯ ಬಂದಿರುವ ನಮ್ಮ ಮನೆಗಳಲ್ಲೂ ಈಗ ಮೊಮ್ಮಕ್ಕಳ ವಂಶವೃಕ್ಷ ಬರೆಯುತ್ತಿದ್ದಾರೆ. ಬೀಗರ ಕಡೆಯಿಂದ 'ನಮ್ಮ ಮುತ್ತಾತ ದರೋಡೆಕೋರ ಜೆಸ್ಸಿ ಜೇಮ್ಸ್' ಎಂಬ ಮಾತು ಬಂದರೆ ಕೂಡಲೇ ಬರೆದುಕೊಳ್ಳಬೇಡಿ. ಜೇಮ್ಸ್ ಎಂಬ ಹೆಸರು ಸಾಕ್ಷಿಯಲ್ಲ. ಕಾಗದ ಸಾಕ್ಷಿ.

ಜೆಸ್ಸಿಯ ಸಂಗತಿಯನ್ನೇ ಕೇಳಿ. 1882ರ ಏಪ್ರಿಲ್ 3ರಂದು ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿ, ಗೋಡೆಯ ಪಟ ಸರಿಮಾಡಲು ಕುರ್ಚಿ ಹತ್ತಿದ್ದವನಿಗೆ ಅವನದೇ ತಂಡದ ರಾಬರ್ಟ್ ಫೋರ್ಡ್ ಹಿಂದಿನಿಂದ ಗುಂಡು ಹೊಡೆದ. ಆದರೂ ಸತ್ತವನು ಬೇರೆಯವನೆಂಬ ಗುಲ್ಲು ನಿಲ್ಲಲಿಲ್ಲ. 1948ರಲ್ಲಿ ಜೆ. ಫ್ರಾಂಕ್ ಡಾಲ್ಟನ್ ಎಂಬ ಮುದುಕ 'ನಾನೇ ಜೆಸ್ಸಿ' ಎಂದು ಎದ್ದು ನಿಂತ, ಜನ ನಂಬಿದರು! ಕೊನೆಗೆ 1995ರಲ್ಲಿ ಮಿಸೌರಿಯ ಕೀರ್ನಿ ಊರಿನಲ್ಲಿದ್ದ ಜೆಸ್ಸಿಯ ಗೋರಿ ಅಗೆದರು. ಮೂಳೆ ಹಾಳಾಗಿದ್ದವು, ಹಲ್ಲು, ಕೂದಲಿನಿಂದ ಡಿಎನ್‌ಎ ತೆಗೆದರು. ಹೋಲಿಸಿದ್ದು ಜೆಸ್ಸಿಯ ಮಕ್ಕಳ ಕಡೆಯವರೊಂದಿಗಲ್ಲ, ತಂಗಿ ಸೂಸನ್‌ಳ ವಂಶದವರೊಂದಿಗೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಭಾಗದ ಡಿಎನ್‌ಎ ತಾಯಿಯಿಂದಷ್ಟೇ ಬರುತ್ತದೆ, ಗಂಡಸು ಅದನ್ನು ತನ್ನ ಮಕ್ಕಳಿಗೆ ದಾಟಿಸಲಾರ. ಹೊಂದಿಕೆಯಾಯಿತು. ಆದರೆ ಗಮನಿಸಿ, ಸೂಸನ್‌ಳ ಸಂತತಿಯ ಎಳೆ ಕಾಗದದಲ್ಲಿ ಇದ್ದುದರಿಂದಲೇ ಯಾರ ರಕ್ತ ತೆಗೆಯಬೇಕೆಂದು ಗೊತ್ತಾದದ್ದು.

ಹಾಗಾಗಿ ದರೋಡೆಕೋರನಿಂದ ಕೆಳಗಿಳಿಯಬೇಡಿ. ಮೊಮ್ಮಗುವಿನಿಂದ ಒಂದೊಂದೇ ತಲೆಮಾರು ಮೇಲಕ್ಕೆ ಹೋಗಿ. ಅಮೆರಿಕದ 1880ರ ಜನಗಣತಿಯಲ್ಲಿ ಮನೆಯ ಯಜಮಾನನಿಗೆ ಯಾರು ಏನಾಗಬೇಕೆಂದು ಬರೆದಿದೆ. 1890ರದ್ದು 1921ರ ಬೆಂಕಿಯ ನಂತರ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಮುಂದಿನದು 1900. ಈ ಇಪ್ಪತ್ತು ವರ್ಷದ ಕಂದರದಲ್ಲೇ ಜನ ತಮಗೆ ಬೇಕಾದ ಕಳ್ಳನನ್ನು ತಂದು ಕೂರಿಸುವುದು. ಅಲ್ಲಿಗೆ ಕೌಂಟಿ (ಅಲ್ಲಿನ ಜಿಲ್ಲೆ) ಕೋರ್ಟಿನ ಕಡತ, ತೆರಿಗೆ ಪಟ್ಟಿ, ಜಮೀನಿನ ಪತ್ರ ತನ್ನಿ. ಹೆಸರು ಒಂದೇ ಆದರೆ ಸಾಲದು. ವಯಸ್ಸು, ಹೆಂಡತಿ, ನೆರೆಮನೆಯವರು ಮೂರೂ ತಾಳೆಯಾಗಬೇಕು.

ಸಮಯ ಮುಗಿಯುತ್ತಿದೆ, ಇದೊಂದನ್ನು ಬರೆದುಕೊಳ್ಳಿ. ಪೂರ್ವಜರು ಈಗಿನ ಒಕ್ಲಹೋಮ ಕಡೆಯವರಾದರೆ ಪಕ್ಕದ ಅರ್ಕಾನ್ಸಾದ ಫೋರ್ಟ್ ಸ್ಮಿತ್ ಕೋರ್ಟಿನ ಕಡತ ಹುಡುಕಿ, ಆಗ ಆ ಕಡೆಯ ಹಲವು ಮೊಕದ್ದಮೆ ಅಲ್ಲೇ ನಡೆಯುತ್ತಿದ್ದವು. 1875ರಿಂದ 1896ರವರೆಗೆ ಅಲ್ಲಿ ಐಸಾಕ್ ಪಾರ್ಕರ್ ನ್ಯಾಯಾಧೀಶ. ಕಡತಗಳು ಟೆಕ್ಸಾಸ್‌ನ ಫೋರ್ಟ್ ವರ್ತ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆರೋಪಿಯ ಹೆಸರಷ್ಟೇ ನೋಡಿ ಮುಚ್ಚಬೇಡಿ, ಸಾಕ್ಷಿಗಳ ಪಟ್ಟಿಯನ್ನೂ ಓದಿ. ನಿಮ್ಮ ಬೀಗರ ಮುತ್ತಾತ ಕೊಲೆ ಮಾಡಿದವನಾಗಿರದೆ, ಕೊಲೆ ಕಂಡು ಕೋರ್ಟಿಗೆ ಬಂದು ಹೇಳಿದವನಾಗಿರಬಹುದು.