ಮೂಟೆ ಕೊಳ್ಳುವುದು, ಮೂಟೆ ಕಾಯುವುದು

ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನದಲ್ಲಿ ಯಾರಾದರೂ ಕ್ಲಬ್ಬಿಗೆ ಹೋಗಿದ್ದಾರೆ ಅಂದರೆ ಇಸ್ಪೀಟಾಡಲು ಕೂತಿದ್ದಾರೆ ಅಂತಲೇ ಅರ್ಥ. ಹಾಗಾಗಿ ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋದ ಮೊದಲನೇ ಶನಿವಾರ, ಅಳಿಯ ಕಾರಿನ ಕೀಲಿ ಕೈಯಲ್ಲಿ ಹಿಡಿದು "ಬನ್ನಿ ಅತ್ತೆ, ಕ್ಲಬ್ಬಿಗೆ ಹೋಗಿ ಹಾಲು, ಹಿಟ್ಟು ತಂದುಬಿಡೋಣ" ಅಂದಾಗ ನಾನು ಮಗಳ ಮುಖ ನೋಡಿದೆ. ಅವಳು ನಕ್ಕಳು. "ಅಮ್ಮ, ಅದು ಅಂಗಡಿ. ಕಾರ್ಡು ಇದ್ದವರಿಗೆ ಮಾತ್ರ ಒಳಗೆ ಬಿಡ್ತಾರೆ, ಅದಕ್ಕೇ ಕ್ಲಬ್ಬು."

ಆ ಕ್ಲಬ್ಬಿನ ಹೆಸರು ಇಲ್ಲಿ ಹೇಳುವುದಿಲ್ಲ. ಅದರ ಬಗ್ಗೆ ಒಂದೆರಡು ದೂರೂ ಇದೆ, ಹೊಗಳಿಕೆಯೂ ಇದೆ. ದೂರಿಗೂ ಜಾಹೀರಾತಿಗೂ ಬಾನುಲಿ ಜಾಗವಲ್ಲ.

ಹೊರಗಿನಿಂದ ನೋಡಿದರೆ ನಮ್ಮ ಎ.ಪಿ.ಎಂ.ಸಿ. ಗೋದಾಮೇ. ಇಂಥ ಅಂಗಡಿ ಒಂದೊಂದೂ ಸುಮಾರು 1,45,000 ಚದರಡಿ ಇರುತ್ತದೆ. ಹೊಲದ ಲೆಕ್ಕದಲ್ಲಿ ಹೇಳಿದರೆ ಮೂರು ಎಕರೆಗೂ ಹೆಚ್ಚು, ಅಷ್ಟೂ ಒಂದೇ ಸೂರಿನಡಿ. ನೆಲ ಬರೀ ಸಿಮೆಂಟು. ಮೇಲೆ ಕಬ್ಬಿಣದ ತೊಲೆಗಳು ಹಾಗೇ ಕಾಣುತ್ತವೆ. ಲಾರಿಯಿಂದ ಮರದ ಹಲಗೆಯ ಮೇಲೆ ಇಳಿದ ಸಾಮಾನು ಅದೇ ಹಲಗೆಯ ಮೇಲೇ ಮಾರಾಟಕ್ಕೆ ನಿಂತಿರುತ್ತದೆ. ಬಿಚ್ಚಿ, ಒರೆಸಿ, ಸಾಲಾಗಿ ಜೋಡಿಸುವ ಕೂಲಿ ಇಲ್ಲ. ಬಿಲ್ ಮಾಡಿದ ಮೇಲೆ ಚೀಲವನ್ನೂ ಕೊಡುವುದಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆ ಆರಿಸಿಕೊಂಡು ಅದರಲ್ಲೇ ತುಂಬಿಕೊಳ್ಳಬೇಕು. ಹೊರಡುವಾಗ ಬಾಗಿಲಲ್ಲಿ ಒಬ್ಬರು ನಿಂತು ರಸೀತಿ ನೋಡಿ, ಗಾಡಿಯೊಳಗೆ ಕಣ್ಣಾಡಿಸಿ, ಪೆನ್ನಿನಲ್ಲಿ ಒಂದು ಗೀಟು ಎಳೆದು ಬಿಡುತ್ತಾರೆ. ಮೊದಲ ದಿನ ನನಗೆ ಅವಮಾನ ಆದಂತಾಯಿತು. ಆಮೇಲೆ ನೋಡಿದರೆ ಅದೇ ಮನುಷ್ಯ ನಮ್ಮ ಮೊಮ್ಮಗಳ ರಸೀತಿಯ ಹಿಂದೆ ನಗುವ ಮುಖ ಬರೆದುಕೊಟ್ಟಿದ್ದ. ಆರು ತಿಂಗಳೂ ಅವಳು ಕ್ಲಬ್ಬಿಗೆ ಬಂದದ್ದು ಆ ಮುಖದ ಆಸೆಗೇ.

ಚರಿತ್ರೆ ಹೇಳುವಾಗ ಹೆಸರು ಬಿಡುವುದಕ್ಕಾಗುವುದಿಲ್ಲ. 1976ರಲ್ಲಿ ಸ್ಯಾನ್ ಡಿಯಾಗೋ ಊರಿನಲ್ಲಿ ಸಾಲ್ ಪ್ರೈಸ್ ಎಂಬ, ಮೊದಲು ವಕೀಲರಾಗಿದ್ದವರು, ಹಳೆಯ ವಿಮಾನದ ಶೆಡ್ಡೊಂದರಲ್ಲಿ ಪ್ರೈಸ್ ಕ್ಲಬ್ ಎಂಬ ಅಂಗಡಿ ತೆರೆದರು. ಮೊದಲಿಗೆ ಅದು ಮನೆಯವರಿಗಲ್ಲ, ಸಣ್ಣ ಅಂಗಡಿ, ಹೋಟೆಲು ನಡೆಸುವವರಿಗೆ. ವ್ಯಾಪಾರ ಏಳಲಿಲ್ಲ. ಆಮೇಲೆ ಸರ್ಕಾರಿ ನೌಕರರು ಮುಂತಾದ ಗುಂಪಿನವರಿಗೂ ಬಾಗಿಲು ತೆರೆದರು, ಜನ ನುಗ್ಗಿದರು. 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ, ಅದೇ ವರ್ಷ ಓಕ್ಲಹೋಮದಲ್ಲಿ ವಾಲ್‌ಮಾರ್ಟಿನವರ ಸ್ಯಾಮ್ಸ್ ಕ್ಲಬ್, ಮರುವರ್ಷ ಬಿಜೇಸ್. ಪ್ರೈಸ್ ಕ್ಲಬ್ 1993ರಲ್ಲಿ ಕಾಸ್ಟ್‌ಕೋ ಜೊತೆ ಸೇರಿಹೋಯಿತು. ಅಲ್ಲಿಯವರ ಬಾಯಲ್ಲಿ ಆ ಹೆಸರಿನ ಟಕಾರ ಕೇಳುವುದೇ ಇಲ್ಲ, "ಕಾಸ್ಕೋ" ಅನ್ನುತ್ತಾರೆ. ಪಕ್ಕದ ಮನೆಗೆ ಬಂದಿದ್ದ ಮಂಡ್ಯದ ಅಜ್ಜಿಯೊಬ್ಬರು "ಹೆಸರಲ್ಲೇ ಕಾಸು ಇಟ್ಕೊಂಡವ್ರೆ, ನಮ್ಗೆ ಹೇಳ್ದೇನೆ ಮಾಡ್ತಾರಾ?" ಅಂದಿದ್ದರು.

ಕಾಸು ಎಲ್ಲಿಂದ ಬರುತ್ತದೆ ಅನ್ನುವುದೇ ಇದರಲ್ಲಿ ಸ್ವಾರಸ್ಯ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು, ಲೆಕ್ಕ ಕಂಡರೆ ಸುಮ್ಮನಿರಲಾರೆ. ನಮ್ಮ ಬೀದಿಯ ಶೆಟ್ಟರು ನನ್ನ ಮೊದಲ ಸಂಬಳದ ಕಾಲದಿಂದ ಉದ್ರಿ ಕೊಟ್ಟವರು. ಸಾಮಾನು ಮೊದಲು, ದುಡ್ಡು ಒಂದನೇ ತಾರೀಖಿಗೆ. ಈ ಕ್ಲಬ್ಬಿನದು ಉಲ್ಟಾ. ಒಂದು ಕಡಲೆಬೇಳೆಯನ್ನೂ ಮುಟ್ಟುವ ಮೊದಲೇ ವರ್ಷದ ಶುಲ್ಕ ನಾವು ಕಟ್ಟಬೇಕು. ಕಾಸ್ಟ್‌ಕೋದಲ್ಲಿ 2024ರ ಸೆಪ್ಟೆಂಬರಿನಿಂದ ಅದು 65 ಡಾಲರ್, ಮೇಲ್ದರ್ಜೆಯ ಕಾರ್ಡಿಗೆ 130. ಅಂದರೆ ಇಲ್ಲಿ ಗಿರಾಕಿಯೇ ಅಂಗಡಿಗೆ ಮುಂಗಡ ಕೊಡುವುದು. ಆ ಕಂಪನಿಯ 2024ನೇ ಲೆಕ್ಕವರ್ಷದ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್. ಅದೇ ವರ್ಷ ಬರೀ ಸದಸ್ಯ ಶುಲ್ಕವಾಗಿ ಬಂದದ್ದು ಸುಮಾರು 483 ಕೋಟಿ. ಸಾಮಾನಿನ ಮೇಲೆ ನೂರಕ್ಕೆ ಹದಿನಾಲ್ಕು ಹದಿನೈದಕ್ಕಿಂತ ಹೆಚ್ಚು ಲಾಭ ಇಡಬಾರದು ಅಂತ ಅವರಲ್ಲಿ ಕಟ್ಟುನಿಟ್ಟಿದೆ. ಇಡಬೇಕಾದ ದರ್ದೂ ಇಲ್ಲ, ಕಾರ್ಡೇ ಸಾಕುತ್ತಿದೆಯಲ್ಲ.

ಅಗ್ಗಕ್ಕೆ ಇನ್ನೊಂದು ಕಾರಣ, ಆಯ್ಕೆ ಕಡಿಮೆ. ಅಲ್ಲಿನ ಮಾಮೂಲಿ ಸೂಪರ್ ಮಾರ್ಕೆಟ್ಟಿನಲ್ಲಿ ಮೂವತ್ತು ಸಾವಿರದ ಆಸುಪಾಸು ಬಗೆಯ ವಸ್ತು ಇದ್ದರೆ ಇಲ್ಲಿ ನಾಲ್ಕು ಸಾವಿರ. ಸಾಸಿವೆ ಸಾಸು ಬೇಕೆ? ಒಂದೋ ಎರಡೋ ಜಾತಿ, ಅದೂ ದೊಡ್ಡ ಜೋಡಿ ಸೀಸೆ. ಬೇಕಾದರೆ ತಗೊ, ಇಲ್ಲದಿದ್ದರೆ ಬಿಡು. ಹೀಗೆ ಒಂದೊಂದು ವಸ್ತುವೂ ಲಾರಿಗಟ್ಟಲೆ ಹೋಗುವುದರಿಂದ ತಯಾರಕರ ಹತ್ತಿರ ಚೌಕಾಸಿ ಮಾಡುವ ಬಲ ಅವರಿಗೆ ಬರುತ್ತದೆ. ಲಾರಿಗಟ್ಟಲೆ ಕೊಡಲಾಗದ ಸಣ್ಣ ತಯಾರಕರು ಆ ಬಾಗಿಲಿನ ಹೊರಗೇ.

ಶುಲ್ಕ ಗಿಟ್ಟುತ್ತದೆಯೇ? ನೂರು ಡಾಲರಿನ ಸಾಮಾನಿಗೆ ಹದಿನೈದು ಉಳಿಯಿತು ಅಂತ ಇಟ್ಟುಕೊಳ್ಳಿ. 65 ಡಾಲರ್ ಉಳಿಸಲು ವರ್ಷಕ್ಕೆ 433 ಡಾಲರಿನ ಸಾಮಾನು ತರಬೇಕು, ತಿಂಗಳಿಗೆ 36. ಮಕ್ಕಳಿರುವ ಮನೆಗೆ ಅದು ಒಂದೇ ಶನಿವಾರದ ಬಾಬತ್ತು. ಮೇಲ್ದರ್ಜೆಯ ಕಾರ್ಡು ಬೇರೆ ಲೆಕ್ಕ. ಹೆಚ್ಚಿಗೆ ಕಟ್ಟಿದ 65ಕ್ಕೆ ಬದಲಾಗಿ ಖರೀದಿಯ ಮೇಲೆ ನೂರಕ್ಕೆ ಎರಡು ವಾಪಸು. ಅದು ಗಿಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್, ತಿಂಗಳಿಗೆ 270ರ ಮೇಲೆ ಖರ್ಚು ಮಾಡಬೇಕು. ಇಬ್ಬರೇ ಇರುವ ಮನೆಯವರು, ಒಂಟಿಯಾಗಿರುವ ಹುಡುಗರು ಇದಕ್ಕೆ ಕೈ ಹಾಕದಿರುವುದೇ ವಾಸಿ. ಕಾರ್ಡು ಮಾಡಿಸಿ ಆಮೇಲೆ ಬೇಡವೆನಿಸಿದರೆ ಕಾಸ್ಟ್‌ಕೋದವರು ಶುಲ್ಕವನ್ನೂ ಪೂರ್ತಿ ವಾಪಸು ಕೊಡುತ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ನೂರರ ಸಾಮಾನನ್ನು 85ಕ್ಕೆ ತಂದೆವು, ಸರಿ. ಅದರಲ್ಲಿ ಐದನೇ ಒಂದು ಭಾಗ ಕೊಳೆತು ಬುಟ್ಟಿಗೆ ಹೋಯಿತು ಅನ್ನಿ. ಹೊಟ್ಟೆಗೆ ಹೋದದ್ದು 80ರ ಸಾಮಾನು, ಕೊಟ್ಟದ್ದು 85. ಉಳಿತಾಯ ಎಲ್ಲಿ? ಮಗಳ ಮನೆಯ ಫ್ರಿಜ್ಜಿನಲ್ಲಿ ಪಾಲಕಿನ ದೊಡ್ಡ ಪ್ಲಾಸ್ಟಿಕ್ ಡಬ್ಬ ಸೋಮವಾರ ಹಸಿರಾಗಿರುತ್ತಿತ್ತು, ಗುರುವಾರ ಅಂಚು ಕಪ್ಪಾಗುತ್ತಿತ್ತು, ಶನಿವಾರಕ್ಕೆ ಲೋಳೆ. ಹುಳಿ ಮಾಡಿದೆ, ಪಲ್ಯ ಮಾಡಿದೆ, ದೋಸೆ ಹಿಟ್ಟಿಗೂ ರುಬ್ಬಿ ಹಾಕಿದೆ. ಮೊಮ್ಮಗಳು "ಅಜ್ಜಿ, ಇವತ್ತೂ ಗ್ರೀನಾ?" ಅಂತ ತಟ್ಟೆ ದೂಡಿದಳು.

ನನ್ನ ತಕರಾರು ಇಲ್ಲಿಯೇ ಇರುವುದು. ಮೂಟೆಗಟ್ಟಲೆ ಕೊಳ್ಳುವುದನ್ನು ಅಮೆರಿಕದವರು ನಮಗೆ ಕಲಿಸಬೇಕಾಗಿಲ್ಲ. ನಮ್ಮಜ್ಜಿಯ ಮನೆಯಲ್ಲಿ ಸುಗ್ಗಿ ಮುಗಿದ ಮೇಲೆ ವರ್ಷದ ರಾಗಿ ಹಗೇವಿಗೆ ಇಳಿಯುತ್ತಿತ್ತು. ಬತ್ತ ಕಣಜಕ್ಕೆ, ತೊಗರಿ ವಾಡೆಗೆ. ಬೇಸಿಗೆಯಲ್ಲಿ ಹುಣಿಸೆಹಣ್ಣಿನ ಬೀಜ ತೆಗೆದು, ಉಪ್ಪು ಬೆರೆಸಿ, ಗುದ್ದಿ ಜಾಡಿಗೆ ತುಂಬುತ್ತಿದ್ದರು. ಬೇಳೆಗೆ ಹರಳೆಣ್ಣೆ ಸವರುವುದು, ಬಿತ್ತನೆ ಕಾಳಿಗೆ ಕೆಮ್ಮಣ್ಣು ಕಟ್ಟುವುದು, ಅಕ್ಕಿಯ ನಡುವೆ ಒಣ ಬೇವಿನ ಸೊಪ್ಪು ಇಡುವುದು, ತಿಂಗಳಿಗೊಮ್ಮೆ ಬಿಸಿಲಿಗೆ ಹರವಿ ಮೊರದಲ್ಲಿ ಕೇರುವುದು. ಕೊಂಡದ್ದು ಒಂದು ದಿನದ ಕೆಲಸ, ಕಾಪಾಡಿದ್ದು ವರ್ಷದ ಕೆಲಸ. ಆ ವರ್ಷದ ಕೆಲಸವೆಲ್ಲ ಹೆಂಗಸರ ರಟ್ಟೆಯ ಮೇಲೆ ಇತ್ತು ಅನ್ನುವುದನ್ನೂ ಹೇಳಬೇಕು. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಯಾರು ಕೇರುತ್ತಾರೆ? ಕ್ಲಬ್ಬು ಅಜ್ಜಿಯ ಮೂಟೆಯನ್ನು ಮಾರುತ್ತದೆ, ಅಜ್ಜಿಯನ್ನು ಮಾರುವುದಿಲ್ಲ.

ಒಂದು ದಿನ ಗ್ಯಾರೇಜಿನ ಕಪಾಟಿನಲ್ಲಿ 20 ಪೌಂಡಿನ ಗೋಧಿಹಿಟ್ಟಿನ ಚೀಲ ತೆಗೆದೆ. ಬೇಸಿಗೆ, ಗ್ಯಾರೇಜು ಒಲೆಯ ಹಾಗೆ ಕಾದಿತ್ತು. ಜರಡಿ ಹಿಡಿದರೆ ಹಿಟ್ಟು ಜಾಲ ಕಟ್ಟಿ ದಾರದ ಹಾಗೆ ನೇತಾಡಿತು, ಒಳಗೆ ಸಣ್ಣ ಬಿಳಿ ಹುಳ. ವಾಪಸು ಕೊಟ್ಟರೆ ದುಡ್ಡು ಕೊಡುತ್ತಾರೆ ಅಂತ ಅಳಿಯ ಹೊರಟೇಬಿಟ್ಟರು. ನಿಜ, ಈ ಕ್ಲಬ್ಬುಗಳಲ್ಲಿ ವಾಪಸಾತಿ ಬಹಳ ಸಲೀಸು. ಆದರೆ ನಾಲ್ಕು ತಿಂಗಳು ಬಿಸಿ ಗ್ಯಾರೇಜಿನಲ್ಲಿ ಇಟ್ಟದ್ದು ನಾವು, ಅಂಗಡಿಯವರು ಮಾಡಿದ್ದೇನು? "ಬೇಡ ಕಣಪ್ಪಾ" ಅಂದೆ. ಚೀಲ ಬುಟ್ಟಿಗೆ ಹೋಯಿತು.

ಆಮೇಲೆ ಒಂದು ಏರ್ಪಾಟು ಮಾಡಿದೆವು. ಅದೇ ಬೀದಿಯ ಆಚೀಚೆ ನಾಲ್ಕು ಕನ್ನಡದ ಮನೆಗಳಿದ್ದವು. ಶನಿವಾರ ಒಬ್ಬರೇ ಹೋಗುವುದು, ಸಂಜೆ ನಮ್ಮ ಗ್ಯಾರೇಜಿನಲ್ಲಿ ಪಾಲು. ನೆಲದ ಮೇಲೆ ಹಳೆಯ ಹಾಸು, ಅದರ ಮೇಲೆ ಬಾದಾಮಿ, ಹಿಟ್ಟು, ಈರುಳ್ಳಿ ಚೀಲ. ಮಗಳ ಅಡುಗೆಮನೆಯಲ್ಲಿ ನಾನೇ ಮದುವೆಯಲ್ಲಿ ಕೊಟ್ಟಿದ್ದ ಹಿತ್ತಾಳೆ ಪಾವು ಇತ್ತು. ಅದನ್ನೇ ತುಂಬಿ, ಅಂಗೈಯಲ್ಲಿ ಗೀಸಿ ಅಳೆಯುವುದು. "ಆಂಟಿ, ಅವರಿಗೆ ಗೋಪುರ ಪಾವು, ನಮಗೆ ಗೀಸು ಪಾವಾ?" ಅಂತ ಧಾರವಾಡದ ಹುಡುಗಿ ಜಗಳ ತೆಗೆಯುವಳು. ಇವರೆಲ್ಲ ದಿನವಿಡೀ ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಲೆಕ್ಕ ನೋಡುವವರು! ಕೊನೆಗೆ ಉಳಿದ ಒಂದು ಹಿಡಿ ಬಾದಾಮಿ ಯಾರ ಪಾಲಿಗೂ ಬಾರದೆ ಮಕ್ಕಳ ಬಾಯಿಗೆ. ಆ ದಿನದಿಂದ ಪಾಲಕು ಕೊಳೆಯಲಿಲ್ಲ. ಕಾರ್ಡನ್ನು ಇನ್ನೊಬ್ಬರಿಗೆ ಕೊಟ್ಟು ಕಳಿಸುವ ಹಾಗಿಲ್ಲ, ಬಾಗಿಲಲ್ಲೇ ಸ್ಕ್ಯಾನ್ ಮಾಡಿ ಫೋಟೋ ನೋಡುತ್ತಾರೆ. ತಂದ ಮೇಲೆ ಹಂಚಿಕೊಳ್ಳಬೇಡಿ ಅನ್ನುವವರು ಯಾರೂ ಇಲ್ಲ.

ಏನು ತರಬೇಕು ಅಂತ ಕೇಳುವವರಿಗೆ: ಬಾದಾಮಿ, ಎಣ್ಣೆ, ಸೋಪಿನಪುಡಿ, ಕಾರಿನ ಟೈರು, ಪೆಟ್ರೋಲು, ಕನ್ನಡಕ. ಕೆಡದಂಥವು, ಅಥವಾ ಇವತ್ತೇ ಮುಗಿಯುವಂಥವು. ನಮ್ಮ ಯಜಮಾನರು ಕಿವಿಯ ಯಂತ್ರವನ್ನು ಅಲ್ಲೇ ಪರೀಕ್ಷೆ ಮಾಡಿಸಿ ತಗೊಂಡರು, ಹೊರಗಿನ ಕ್ಲಿನಿಕ್ಕಿಗಿಂತ ಎಷ್ಟೋ ಅಗ್ಗ. ಈಗ ನಾನು ಗೊಣಗುವುದೂ ಕೇಳಿಸುತ್ತದೆ, ಅದು ಬೇರೆ ವಿಷಯ. ಕಾಸ್ಟ್‌ಕೋದಲ್ಲಿ ಡಾಕ್ಟರು ಬರೆದುಕೊಟ್ಟ ಔಷಧಿ ಕೊಳ್ಳಲು ಸದಸ್ಯತ್ವವೂ ಬೇಕಿಲ್ಲ. ತರಬಾರದ್ದು ಸೊಪ್ಪು, ಮಸಾಲೆ ಪುಡಿ, ಮತ್ತೆ ಮನೆಯಿಂದ ಹೊರಡುವಾಗ ಚೀಟಿಯಲ್ಲಿ ಬರೆಯದೇ ಇದ್ದದ್ದು. ಇದು ಕಷ್ಟ. ಬಹುತೇಕ ಸಾಲುಗಳಿಗೆ ಏನಿದೆ ಎಂಬ ಬೋರ್ಡೇ ಇರುವುದಿಲ್ಲ, ಬೆಣ್ಣೆ ಹುಡುಕುತ್ತಾ ಹೋದವರಿಗೆ ಟಿ.ವಿ., ಡೇರೆ, ಕಾಲುಚೀಲ, ಪಿಯಾನೋ ಎಲ್ಲ ಎದುರಾಗುತ್ತವೆ. ಈ ವಾರ ಕಂಡದ್ದು ಮುಂದಿನ ವಾರ ಇರುವುದಿಲ್ಲ, ಆ ಭಯಕ್ಕೇ ಕೈ ಹೋಗುತ್ತದೆ. ಹಾಲು ತರಲು ಹೋದ ನಾವು ಒಂದು ಸಲ ಏಣಿ ತಂದಿದ್ದೇವೆ.

ಹೀಗೆ ಕಾರ್ಡು ತೋರಿಸಿ ಒಳಹೋಗುವ ಅಂಗಡಿ ನಮ್ಮಲ್ಲೂ ಬಂದದ್ದು ಹಳೆಯ ಸುದ್ದಿ. ಜರ್ಮನಿಯ ಮೆಟ್ರೋ 2003ರಲ್ಲಿ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು ಬೆಂಗಳೂರಿನಲ್ಲೇ, 2023ರಲ್ಲಿ ಅದು ರಿಲಯನ್ಸ್ ಪಾಲಾಯಿತು. ಆದರೆ ಜರ್ಮನಿಯವರ ಕೈಯಲ್ಲಿದ್ದಾಗ ಆ ಮೆಟ್ರೋ ಅಂಗಡಿಯ ಕಾರ್ಡು ಸಿಗುತ್ತಿದ್ದದ್ದು ಅಂಗಡಿ, ಹೋಟೆಲು ನಡೆಸುವ ವ್ಯಾಪಾರಸ್ಥರಿಗೆ, ಮನೆಯವರಿಗಲ್ಲ. ಸಾಲ್ ಪ್ರೈಸ್ ಶುರುಮಾಡಿದ ಜಾಗದಲ್ಲೇ ಅದು ನಿಂತಿತು. ಬೆಂಗಳೂರಿನ ನಮ್ಮ ನೆಂಟರಲ್ಲಿ ಕೆಲವರು ಅಂಗಡಿ ಇಟ್ಟಿದ್ದ ಮಾವನ ಹಿಂದೆ ಹೋಗಿ ಎಣ್ಣೆ ಡಬ್ಬ ತರುತ್ತಿದ್ದರು. ಇಲ್ಲಿ ಮೂಲೆಯಂಗಡಿ ಕೂಗಳತೆಯಲ್ಲಿದೆ, ಫೋನು ಮಾಡಿದರೆ ಹುಡುಗ ಅರ್ಧ ಕೆಜಿ ಬೇಳೆಯನ್ನೂ ತಂದುಕೊಡುತ್ತಾನೆ. ಅಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಕಾರು ತೆಗೆಯಬೇಕು. ತೆಗೆದ ಮೇಲೆ ಡಿಕ್ಕಿ ತುಂಬ ತರೋಣ ಅನ್ನುವುದು ಸಹಜವೇ.

ವಾಪಸು ಬರುವಾಗ ಮೂರು ಪೌಂಡಿನ ಬಾದಾಮಿ ಚೀಲ ಎರಡು ತಂದೆ. ಹಾಸನದಲ್ಲಿ ಪಕ್ಕದ ಮನೆಯ ಸಾವಿತ್ರಕ್ಕ ಚೀಲ ತಿರುಗಿಸಿ ನೋಡಿ, "ಕೆಜಿ ಎಷ್ಟು ಬಿತ್ತು?" ಅಂದರು. ಪೌಂಡನ್ನು ಕೆಜಿಗೆ, ಡಾಲರನ್ನು ರೂಪಾಯಿಗೆ ತಿರುಗಿಸಿ ಹೇಳಿದೆ. "ವಿಮಾನದ ಚಾರ್ಜು ಸೇರಿಸಿದ್ರಾ?" ಅಂದರು.

ಮೊನ್ನೆ ಮಗಳು ಫೋನು ಮಾಡಿದ್ದಳು. ನಾನು ಅಲ್ಲಿದ್ದಾಗ, ಬೇಡ ಅಂದರೂ ಕೇಳದೆ, ಅವಳು ಹೂಜಿಯಷ್ಟು ದೊಡ್ಡ ಡಬ್ಬದಲ್ಲಿ ದಾಲ್ಚಿನ್ನಿ ಪುಡಿ ತಂದಿದ್ದಳು. ಎಷ್ಟಾಯಿತು ಅಂತ ಕೇಳಿದೆ.

"ನಿನ್ನೆ ಅಳತೆ ನೋಡಿದೆ ಅಮ್ಮ, ಎರಡು ಬೆರಳು ಇಳಿದಿದೆ."

ನಮಸ್ಕಾರ.