ಪ್ರೀತಿ ಐತಿ, ಮಾತ್ಯಾಕ ಕೂಡವಲ್ದು?

[ದೃಶ್ಯ: ರಾಯಚೂರು ಜಿಲ್ಲೆಯ ಶಕ್ತಿನಗರ. ರಾತ್ರಿ ಒಂಬತ್ತೂವರೆ. ಗಂಡ ನೈಟ್ ಶಿಫ್ಟಿಗೆ ಹೊರಟು ಟಿಫಿನ್ ಡಬ್ಬಿ ಮುಚ್ಚುತ್ತಿದ್ದಾನೆ.]

ಹೆಂಡತಿ: ಇವತ್ತ ಆಫೀಸಿನ್ಯಾಗ ಎಲ್ಲಾರ ಮುಂದ ಬೈದ್ರು ನೋಡ್ರಿ.

ಗಂಡ: ಟ್ರಾನ್ಸ್‌ಫರ್ ಕೇಳು, ಮುಗೀತು.

[ಆಕೆ ಎದ್ದು ಒಳಗೆ ಹೋಗುತ್ತಾಳೆ.]

ನಿರೂಪಣೆ: ಆತ ಹೇಳಿದ್ದು ಅಕ್ಕರೆಯಿಂದಲೇ. ಆದರೆ ಆಕೆಗೆ ಬೇಕಾಗಿದ್ದ ಮಾತು ಬೇರೆ. ಪ್ರೀತಿಯ ಬಗೆ ಹಲವು, ಬೇಕಾಗುವ ಮಾತೂ ಹಲವು.

ಕೆನಡಾದ ಸಮಾಜಶಾಸ್ತ್ರಜ್ಞ ಜಾನ್ ಅಲನ್ ಲೀ 1973ರಲ್ಲಿ ಪ್ರೀತಿಯನ್ನು ಬಣ್ಣಗಳಿಗೆ ಹೋಲಿಸಿದರು. ಮೂಲ ಬಣ್ಣ ಮೂರು: ಎರೋಸ್ ಅಂದರೆ ಕಂಡಕೂಡಲೇ ಸೆಳೆಯುವ ಒಲವು; ಲೂಡಸ್ ಅಂದರೆ ಆಟದಂಥ ಪ್ರೀತಿ; ಸ್ಟೋರ್ಗೆ ಅಂದರೆ ಗೆಳೆತನದಿಂದ ನಿಧಾನಕ್ಕೆ ಬಲಿಯುವುದು. ಇವು ಬೆರೆತು ಇನ್ನೂ ಮೂರು: ಕಾಡುವ ಮೇನಿಯಾ, ಏನನ್ನೂ ಕೇಳದೆ ಕೊಡುವ ಅಗಾಪೆ, ಮನೆತನ ನೌಕರಿ ಎಲ್ಲ ತೂಗಿ ನೋಡುವ ಪ್ರಾಗ್ಮಾ. ಕನ್ಯಾ ನೋಡಲು ಹೋದಾಗ ನಮ್ಮ ಹಿರಿಯರು ಮಾಡುವ ವಿಚಾರಣೆಯಲ್ಲಿ ಪ್ರಾಗ್ಮಾ ಪಾಲೇ ದೊಡ್ಡದು.

1990ರಲ್ಲಿ ಬರ್ಲ್‌ಸನ್ ಮತ್ತು ಸ್ಯಾಮ್ಟರ್ ಎಂಬ ಸಂವಹನ ಸಂಶೋಧಕರು ಗೆಳೆಯರ ನಡುವೆ ಯಾವ ಮಾತುಗಾರಿಕೆಗೆ ಎಷ್ಟು ಬೆಲೆ ಎಂದು ಅಳೆದರು. ಎಂಟು ಕೌಶಲ: ಸಮಾಧಾನ ಹೇಳುವುದು, ಧೈರ್ಯ ತುಂಬುವುದು, ಜಗಳ ಬಗೆಹರಿಸುವುದು, ತಪ್ಪು ತಿದ್ದಿಕೊಳ್ಳಲು ನೆರವಾಗುವುದು, ಇವು ಮನಸ್ಸಿಗೆ ಸಂಬಂಧಿಸಿದವು. ಹರಟೆ, ಕಥೆ ಹೇಳುವುದು, ಮಾಹಿತಿ ಸ್ಪಷ್ಟವಾಗಿ ತಿಳಿಸುವುದು, ಮನವೊಲಿಸುವುದು. ಇವು ಇನ್ನೊಂದು ಗುಂಪು. ಗಂಡ ಹೆಂಡತಿ ನಡುವೆಯೂ ಇದೇ ಪಟ್ಟಿ ಇಟ್ಟು ನೋಡಬಹುದು.

ಲೂಡಸ್ ಮನಸ್ಸಿನವರಿಗೆ ಹರಟೆ, ಪ್ರಾಗ್ಮಾದವರಿಗೆ ಸ್ಪಷ್ಟ ಮಾಹಿತಿ, ಅಗಾಪೆಯವರಿಗೆ ಸಮಾಧಾನದ ಮಾತು ಹೆಚ್ಚು ಹಿಡಿಸಬಹುದು. ಹಾಗಂತ ಪ್ರೀತಿಯ ಬಣ್ಣ ನೋಡಿಯೇ ಊಹಿಸಬೇಡಿ. ಒಬ್ಬರಲ್ಲೇ ಎರಡು ಮೂರು ಬಣ್ಣ ಇರುತ್ತವೆ.

[ಪರದೆಯ ಮೇಲೆ, ಹೆಂಡತಿಯ ಮಾತಿಗೆ ಕೊಡಬಹುದಾದ ಮೂರು ಉತ್ತರ]

"ಇಷ್ಟಕ್ಕ ಯಾಕ ಅಳ್ತಿ?" ಇದು ನೋವನ್ನೇ ಅಲ್ಲಗಳೆಯಿತು.

"ಬಿಡು, ಬ್ಯಾಸರ ಆಗತೈತಿ." ಒಪ್ಪಿಕೊಂಡಿತು, ಅಲ್ಲಿಗೇ ನಿಂತಿತು.

"ಎಲ್ಲಾರ ಮುಂದ ಬೈದ್ರಾ? ಅದಕ್ಕ ಮಾರಿ ಸಣ್ಣದಾಗೇತಿ. ಏನಾತು, ಪೂರಾ ಹೇಳು." ನೋವನ್ನು ಹೆಸರಿಟ್ಟು ಗುರುತಿಸಿತು, ಕಾರಣ ಕಂಡಿತು, ಮಾತಿಗೆ ದಾರಿ ಬಿಟ್ಟಿತು. ಟ್ರಾನ್ಸ್‌ಫರ್ ವಿಚಾರ ಇದಾದ ಮೇಲೆ ಎತ್ತಿದರೆ ಕಿವಿಗೆ ಬೀಳುತ್ತದೆ.

ಈಗ ಕೆಲಸಕ್ಕೆ ಬನ್ನಿ. ಹಾಳೆ ಎರಡು. ಇಬ್ಬರೂ ಬೇರೆ ಬೇರೆ ಕೂತು ಮೇಲಿನ ಎಂಟು ಕೌಶಲಕ್ಕೂ 1ರಿಂದ 5ರೊಳಗೆ ಅಂಕ ಹಾಕಿ: ಸಂಗಾತಿಯಿಂದ ಇದು ನನಗೆ ಎಷ್ಟು ಬೇಕು? ಆಮೇಲೆ ಅದಲುಬದಲು ಮಾಡಿ. ಎಲ್ಲಿ ಅಂತರ 2ಕ್ಕಿಂತ ಹೆಚ್ಚಿದೆಯೋ ಅದೊಂದರ ಮೇಲೆ ಮಾತ್ರ ಹದಿನೈದು ನಿಮಿಷ ಮಾತಾಡಿ, ಕಳೆದ ವಾರದ ಒಂದು ಘಟನೆ ಇಟ್ಟುಕೊಂಡು.

ಎಲ್ಲಿ ಕೆಡುತ್ತದೆ ಅಂದರೆ, ಸಂಗಾತಿಗೆ ಖುಷಿಯಾಗಲಿ ಅಂತ ಅಂಕ ಹಾಕಿದಾಗ. ಎಲ್ಲಕ್ಕೂ 5 ಬಿದ್ದರೆ ಏನೂ ತಿಳಿಯುವುದಿಲ್ಲ, ಮೊದಲ ಎರಡನ್ನು ಆರಿಸಿ ಅಂತ ಕೇಳಿ. ಅತ್ತೆ, ನಾದಿನಿ ಎದುರಿಗೆ ಇದು ಬೇಡ. ರಾತ್ರಿಪಾಳಿ ಮುಗಿಸಿ ಬಂದವರ ಕೈಗೂ ಹಾಳೆ ಕೊಡಬೇಡಿ. ಮೊದಲು ಅವರು ಉಂಡು, ಮಲಗಿ ಏಳಲಿ.