ಹಡಗಿನ ಗಡಿಯಾರ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರೂಸ್ ಹಡಗಿನಲ್ಲಿ, ಅಂದರೆ ಬಂದರಿನಿಂದ ಬಂದರಿಗೆ ಸುತ್ತಿಸುವ ಪ್ರವಾಸಿ ಹಡಗಿನಲ್ಲಿ, ಹೊರಟವರಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ಉಳಿದದ್ದನ್ನು ಮರೆತರೂ ಪರವಾಗಿಲ್ಲ, ಒಂದನ್ನು ಮಾತ್ರ ಮರೆಯಬೇಡಿ. ಹಡಗಿನ ಗಡಿಯಾರ ನೋಡಿ. ಕೈಯಲ್ಲಿರುವ ಫೋನು ಏನೇ ಹೇಳಲಿ, ಊರಿನ ಗೋಪುರದ ಗಡಿಯಾರ ಏನೇ ತೋರಿಸಲಿ, ಟ್ಯಾಕ್ಸಿಯವನು ಎಷ್ಟೇ ಧೈರ್ಯ ಕೊಡಲಿ, ಹಡಗು ಹೊರಡುವುದು ಹಡಗಿನ ಗಡಿಯಾರದ ಪ್ರಕಾರ.

ನಾನು ಹಲವು ವರ್ಷ ಇಂಥ ಹಡಗುಗಳ ರಿಸೆಪ್ಷನ್ನಿನಲ್ಲಿ ಕೆಲಸ ಮಾಡಿದ್ದೇನೆ. ಜನ ನಮ್ಮನ್ನು ಕೇಳದ ಪ್ರಶ್ನೆ ಇಲ್ಲ. ಈಜುಕೊಳದ ನೀರು ಸಿಹಿಯೋ ಉಪ್ಪೋ? 12ನೇ ಡೆಕ್, ಅಂದರೆ ಮಹಡಿ, ಆದ ಮೇಲೆ 14 ಬಂತು, 13 ಎಲ್ಲಿ ಹೋಯಿತು? ಸಿಬ್ಬಂದಿಯವರು ರಾತ್ರಿಯೂ ಹಡಗಿನಲ್ಲೇ ಮಲಗುತ್ತಾರಾ? ನಡುಸಮುದ್ರದಿಂದ ನಾವು ಇನ್ನೆಲ್ಲಿಗೆ ಹೋಗೋಣ ಹೇಳಿ! ಎಲ್ಲದಕ್ಕೂ ನಗುತ್ತಲೇ ಉತ್ತರ ಕೊಟ್ಟಿದ್ದೇವೆ. ಆದರೆ ಬಂದರಿನಲ್ಲಿ ಇಳಿದು ಊರು ನೋಡಲು ಹೊರಟವರಲ್ಲಿ, ಈಗ ಹಡಗಿನ ಸಮಯ ಎಷ್ಟು ಅಂತ ಕೇಳಿದವರು ತೀರಾ ಕಡಿಮೆ.

ಹಡಗಿನೊಳಗೆ ಯಾವ ಸಮಯ ನಡೆಯಬೇಕು ಅಂತ ತೀರ್ಮಾನಿಸುವವರು ಕ್ಯಾಪ್ಟನ್. ಊಟ, ಆಟ, ಬಂದರಿಗೆ ಬರುವುದು, ಬಂದರು ಬಿಡುವುದು, ಎಲ್ಲ ಅದರ ಪ್ರಕಾರವೇ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ಕಡೆಗೆ ಹೋಗುವ ಹಡಗಿನಲ್ಲಿ ಹಲವು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದರೆ ಆ ದಿನಕ್ಕೆ 25 ಗಂಟೆ! ನಿದ್ದೆ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯಾಣ ಇಲ್ಲ. ವಾಪಸ್ ಬರುವಾಗ ಪಡೆದ ಗಂಟೆಗಳನ್ನೆಲ್ಲ ಒಂದೊಂದಾಗಿ ಹಿಂದಿರುಗಿಸಬೇಕು, ಅದು ಬೇರೆ ಮಾತು. ಇಂಥ ಪ್ರಯಾಣದಲ್ಲಿ ಗೊಂದಲ ಆಗುವುದಿಲ್ಲ. ಧ್ವನಿವರ್ಧಕದಲ್ಲಿ ಹೇಳುತ್ತಾರೆ, ದಿನದ ಕಾರ್ಯಕ್ರಮದ ಹಾಳೆಯಲ್ಲೂ ದಪ್ಪಕ್ಷರದಲ್ಲಿ ಹಾಕುತ್ತಾರೆ.

ಗೊಂದಲ ಬರುವುದು ಇನ್ನೊಂದು ಕಡೆ. ಒಂದು ವಾರದ ಪ್ರಯಾಣ, ಮಧ್ಯೆ ಒಂದೇ ಒಂದು ಬಂದರಿನ ಸಮಯ ಬೇರೆ. ಅದೊಂದು ದಿನಕ್ಕೋಸ್ಕರ ಇಡೀ ಹಡಗಿನ ಗಡಿಯಾರ ಯಾಕೆ ತಿರುಗಿಸಬೇಕು ಅಂತ ಕ್ಯಾಪ್ಟನ್ ಸುಮ್ಮನಿರುತ್ತಾರೆ. ನಿಮ್ಮ ಫೋನು ಸುಮ್ಮನಿರುವುದಿಲ್ಲ. ದಡ ಹತ್ತಿರ ಬಂದ ಕೂಡಲೇ ಅಲ್ಲಿಯ ಟವರ್ ಹಿಡಿದು, ನಿಮಗೆ ಒಂದು ಮಾತೂ ಹೇಳದೆ, ತನ್ನ ಸಮಯ ಬದಲಿಸಿಕೊಳ್ಳುತ್ತದೆ. ಹಡಗಿನಲ್ಲಿ ಮೊದಲೇ ದಿನಗಳ ಲೆಕ್ಕ ತಪ್ಪಿರುತ್ತದೆ. ಕೆಲವು ಹಡಗುಗಳ ಲಿಫ್ಟಿನಲ್ಲಿ ಇವತ್ತು ಯಾವ ವಾರ ಅಂತ ನೆಲಹಾಸಿನ ಮೇಲೆ ಬರೆದು, ದಿನಾ ಅದನ್ನು ಬದಲಾಯಿಸುತ್ತಾರೆ ಗೊತ್ತಾ? ವಾರವನ್ನೇ ಮರೆತು ಹಾಯಾಗಿರುವವರು ಗಂಟೆಯನ್ನು ನೆನಪಿಡುತ್ತಾರಾ?

ಇಲ್ಲಿ ನಿಮಗೆ ಒಂದು ಪ್ರಸಂಗ ಹೇಳಲೇಬೇಕು.

ಮೆಕ್ಸಿಕೋ ದೇಶದ ಕೊಜುಮೆಲ್ ಅಂತ ಒಂದು ದ್ವೀಪ. ಕ್ಯಾರಿಬಿಯನ್ ಸಮುದ್ರದಲ್ಲಿದೆ. ಚೆಂದದ ಹವಳದ ದಿಬ್ಬಗಳು, ತಿಳಿ ನೀರು. ಒಂದೇ ದಿನ ಹಲವು ದೊಡ್ಡ ಹಡಗುಗಳು ಅಲ್ಲಿಗೆ ಬರುತ್ತವೆ. ನಮ್ಮ ಹಡಗು ಹೊರಟಿದ್ದು ಅಮೆರಿಕದ ಮಿಯಾಮಿಯಿಂದ, ನಡೆಯುತ್ತಿದ್ದದ್ದು ಮಿಯಾಮಿಯ ಸಮಯ. ಈಗ ಸ್ವಲ್ಪ ಗಮನ ಕೊಡಿ. ಕೊಜುಮೆಲ್ ಇರುವ ಕ್ವಿಂಟಾನಾ ರೂ ರಾಜ್ಯದಲ್ಲಿ 2015ರಿಂದ ವರ್ಷಪೂರ್ತಿ ಒಂದೇ ಸಮಯ. ಮಿಯಾಮಿಯಲ್ಲಿ ಹಾಗಲ್ಲ, ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಹೀಗಾಗಿ ಚಳಿಗಾಲದಲ್ಲಿ ಎರಡೂ ಊರಿನ ಸಮಯ ಒಂದೇ. ಬೇಸಿಗೆಯಲ್ಲಿ ಕೊಜುಮೆಲ್ ಒಂದು ಗಂಟೆ ಹಿಂದೆ. ಚಳಿಗಾಲದಲ್ಲಿ ಹೋಗಿ ಬಂದವರು, ಅಲ್ಲಿ ಸಮಯದ ತಾಪತ್ರಯವೇ ಇಲ್ಲ ಅಂತ ಸ್ನೇಹಿತರಿಗೆ ಹೇಳಿ ಕಳಿಸುತ್ತಾರೆ. ಆ ಸ್ನೇಹಿತರು ಜುಲೈಯಲ್ಲಿ ಬರುತ್ತಾರೆ.

ಆ ದಿನ ಎಲ್ಲರೂ ನಾಲ್ಕೂವರೆಗೆ ಹಡಗಿನೊಳಗೆ ಇರಬೇಕು, ಐದಕ್ಕೆ ಹೊರಡುವುದು. ಒಬ್ಬ ಹಿರಿಯರು, ಅವರ ಮಗಳು, ಅಳಿಯ ಮೂವರೂ ಒಟ್ಟಿಗೆ ಬಂದಿದ್ದರು. ಬಿಸಿಲು ಜಾಸ್ತಿ ಅಂತ ಹಿರಿಯರು ಕ್ಯಾಬಿನ್ನಿನಲ್ಲೇ ಉಳಿದರು. ಮಗಳು, ಅಳಿಯ ಬೆಳಿಗ್ಗೆಯೇ ಬೀಚಿಗೆ ಹೋದರು. ನಾಲ್ಕೂಕಾಲಿಗೆ ಹಿರಿಯರು ನನ್ನ ಮೇಜಿನ ಹತ್ತಿರ ಬಂದರು. ಮಕ್ಕಳು ಬಂದರಾ ಅಂತ ಕೇಳಿದರು. ಹಡಗು ಹತ್ತಿ ಇಳಿಯುವ ಗ್ಯಾಂಗ್‌ವೇಯಲ್ಲಿ ಪ್ರತಿಯೊಬ್ಬರ ಕಾರ್ಡ್ ಒತ್ತಿಸಿಕೊಂಡೇ ಬಿಡುತ್ತಾರಲ್ವಾ, ಕಂಪ್ಯೂಟರಿನಲ್ಲಿ ನೋಡಿದೆ. ಇನ್ನೂ ಬಂದಿರಲಿಲ್ಲ. ನಾಲ್ಕೂ ನಲವತ್ತಕ್ಕೆ ಅವರಿಬ್ಬರ ಹೆಸರು ಕರೆದೆವು. ಮತ್ತೆ ಕರೆದೆವು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅತ್ತ ಆ ಇಬ್ಬರು ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಫೋನಿನಲ್ಲಿ ಮೂರೂ ನಲವತ್ತು ನೋಡಿಕೊಂಡು, ಇನ್ನೂ ಮುಕ್ಕಾಲು ಗಂಟೆಯ ಮೇಲಿದೆ ಅಂತ ಮತ್ತೊಂದು ಸಲ ನೀರಿಗಿಳಿದಿದ್ದರು.

ಹಿರಿಯರು ಹಡಗು ನಿಲ್ಲಿಸಿ ಅಂದರು. ನಾನು ಆಗುವುದಿಲ್ಲ ಅಂದೆ. ಕಲ್ಲು ಮನಸ್ಸಿನವರು ಅಂತ ಬೈದರು, ಬೈಯಲಿ. ಯಾಕೆ ಆಗುವುದಿಲ್ಲ ಅಂತ ನಿಮಗೆ ಹೇಳುತ್ತೇನೆ. ಹೊರಗೆ ದಾರಿ ತೋರಿಸಲು ಆ ಬಂದರಿನ ಪೈಲಟ್ ಆಗಲೇ ಹತ್ತಿರುತ್ತಾರೆ. ನಿಂತ ಜಾಗಕ್ಕೆ ಬಾಡಿಗೆ ಇದೆ, ಆ ಜಾಗಕ್ಕೆ ಇನ್ನೊಂದು ಹಡಗು ಕಾದಿರಬಹುದು. ನಾಳೆಯ ಬಂದರಿನಲ್ಲೂ ಸಮಯ ಗೊತ್ತಾಗಿರುತ್ತದೆ. ತಡವಾದದ್ದನ್ನು ವೇಗವಾಗಿ ಹೋಗಿ ಸರಿ ಮಾಡೋಣ ಅಂದರೆ ಇಂಧನ ಸುರಿಯಬೇಕು. ಹಡಗಿನ ವೇಗವನ್ನು ನಾಟ್ ಲೆಕ್ಕದಲ್ಲಿ ಅಳೆಯುತ್ತಾರೆ, ಅದು 18ರಿಂದ 20ಕ್ಕೆ ಏರಿದರೆ ಎಂಜಿನ್ನಿಗೆ ಬೇಕಾಗುವ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತದೆ. ಒಳಗೆ ಸಾವಿರಾರು ಜನ ಕಾದಿದ್ದಾರೆ. ಕೈ ಅಡ್ಡ ಹಿಡಿದರೆ ನಿಲ್ಲಲು ಇದು ಹಳ್ಳಿಯ ಬಸ್ ಅಲ್ಲ ಸ್ವಾಮಿ.

ಹೊರಡುವ ಹೊತ್ತಾದಾಗ ಏನು ಮಾಡುತ್ತಾರೆ ಗೊತ್ತಾ? ಭದ್ರತಾ ಸಿಬ್ಬಂದಿ ಕ್ಯಾಬಿನ್ನಿಗೆ ಹೋಗಿ, ಸಾಕ್ಷಿ ಇಟ್ಟುಕೊಂಡು ತಿಜೋರಿ ತೆಗೆಯುತ್ತಾರೆ. ಪಾಸ್‌ಪೋರ್ಟ್ ಸಿಕ್ಕಿದರೆ ದಡದಲ್ಲಿರುವ ಹಡಗಿನ ಏಜೆಂಟ್ ಕೈಗೆ ಕೊಡುತ್ತಾರೆ. ನಮ್ಮ ಪುಣ್ಯ, ಪಾಸ್‌ಪೋರ್ಟ್ ಅಲ್ಲೇ ಇತ್ತು. ಪಕ್ಕದಲ್ಲಿ ಮಗಳ ಮಾತ್ರೆಗಳೂ ಇದ್ದವು. ಹಿರಿಯರೇ ಅವನ್ನು ಒಂದು ಚೀಲಕ್ಕೆ ಹಾಕಿಕೊಟ್ಟರು.

ಹಗ್ಗ ಬಿಚ್ಚಿದರು. ಹಡಗು ದಕ್ಕೆ ಬಿಟ್ಟು ಹತ್ತು ಹದಿನೈದು ಮೀಟರ್ ಸರಿದಿತ್ತು, ಅಷ್ಟರಲ್ಲಿ ದಕ್ಕೆಯ ಆ ತುದಿಯಲ್ಲಿ ಇಬ್ಬರು ಓಡಿಬರುವುದು ಕಾಣಿಸಿತು. ಒಬ್ಬರ ಕೈಯಲ್ಲಿ ಚಪ್ಪಲಿ, ಒಬ್ಬರ ಹೆಗಲಲ್ಲಿ ಒದ್ದೆ ಟವೆಲ್. ಮೇಲಿನ ಡೆಕ್ಕಿನ ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು, ಫೋನ್ ಎತ್ತಿ ವಿಡಿಯೋ ಮಾಡಿದರು. ನನಗೆ ಈ ಚಪ್ಪಾಳೆ ಕಂಡರೆ ಆಗುವುದಿಲ್ಲ. ಇದೆಂಥ ಮನರಂಜನೆ? ಇನ್ನೊಂದು ದಿನ ನೀವೇ ಓಡುತ್ತಿರುತ್ತೀರಿ.

ಆ ದಂಪತಿ ರಾತ್ರಿ ಅಲ್ಲೇ ತಂಗಿ, ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ, ಮಿಯಾಮಿಯಲ್ಲಿ ನಮಗಿಂತ ಮೊದಲೇ ಬಂದು ನಿಂತಿದ್ದರು. ಹಿರಿಯರಿಗೆ ಮೊದಲ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಪಕ್ಕದ ಮೇಜಿನವರ ಜೊತೆ ಇಸ್ಪೀಟಿಗೆ ಕೂತರು. ಸಂಜೆ ನನ್ನ ಹತ್ತಿರ ಬಂದು ತಮ್ಮ ಕೈಗಡಿಯಾರ ತೋರಿಸಿದರು. ಕೀಲಿ ಕೊಡುವ ಹಳೆಯ ಗಡಿಯಾರ. 'ಮಿಯಾಮಿಯಲ್ಲಿ ಇಟ್ಟಿದ್ದು, ಆಮೇಲೆ ಮುಟ್ಟಿಲ್ಲ' ಅಂದರು. ನೋಡಿ, ಇಡೀ ಕುಟುಂಬದಲ್ಲಿ ಹಡಗಿನ ಸಮಯ ಗೊತ್ತಿದ್ದದ್ದು ಅದೊಂದಕ್ಕೇ!

ಅದಕ್ಕೇ ಹೇಳುತ್ತೇನೆ, ಹಡಗಿನ ಗಡಿಯಾರ ನೋಡಿ. ಸ್ಮಾರ್ಟ್ ಅಲ್ಲದ ಒಂದು ಸಾದಾ ಕೈಗಡಿಯಾರ ತೆಗೆದುಕೊಂಡು ಹೋಗಿ. ಹಡಗು ಹತ್ತಿದ ದಿನ ಹಡಗಿನ ಸಮಯಕ್ಕೆ ಇಟ್ಟುಬಿಡಿ, ಹಡಗಿನವರು ಹೇಳದ ಹೊರತು ಮುಟ್ಟಬೇಡಿ. ಫೋನಿನಲ್ಲಿ ಸಮಯ ತಾನಾಗಿ ಬದಲಾಗುವ ಸೆಟ್ಟಿಂಗ್ ಆಫ್ ಮಾಡಿ. ಸಮುದ್ರದಲ್ಲಿರುವಾಗ ಏರ್‌ಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಂಡು, ತಿಂಗಳ ಕೊನೆಗೆ ಬರುವ ಬಿಲ್ಲು ನೋಡಿ ತಲೆ ತಿರುಗುತ್ತದೆ.

ಇನ್ನೊಂದು. ಹಡಗಿನವರೇ ನಡೆಸುವ ಪ್ರವಾಸದಲ್ಲಿ ಹೋಗಿದ್ದು, ಬಸ್ಸು ತಡವಾದರೆ, ಸಾಮಾನ್ಯವಾಗಿ ಹಡಗು ಕಾಯುತ್ತದೆ. ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ಸ್ವಂತ ಹೋದರೆ ಹೊಣೆ ನಿಮ್ಮದು. ಸ್ವಂತ ಹೋಗಬೇಡಿ ಅನ್ನುತ್ತಿಲ್ಲ, ಖರ್ಚು ಕಡಿಮೆ, ಖುಷಿ ಜಾಸ್ತಿ. ಆದರೆ ದೂರ ಎಷ್ಟು ಅಂತ ಮೊದಲೇ ನೋಡಿಕೊಳ್ಳಿ. ಪಟ್ಟಿಯಲ್ಲಿ ರೋಮ್ ಅಂತ ಇರುತ್ತದೆ, ಹಡಗು ನಿಲ್ಲುವುದು ಚಿವಿತಾವೆಕಿಯಾದಲ್ಲಿ, ರೋಮ್‌ಗೆ ಸುಮಾರು 70 ಕಿಲೋಮೀಟರ್. ಪ್ಯಾರಿಸ್ ಅಂತ ಇರುತ್ತದೆ, ನಿಲ್ಲುವುದು ಲೆ ಹಾವ್ರ್‌ನಲ್ಲಿ, ಅಲ್ಲಿಂದ ಸುಮಾರು 200 ಕಿಲೋಮೀಟರ್. ಗ್ರೀಸಿನ ಸಾಂಟೊರಿನಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದೇ ಇಲ್ಲ. ಸಣ್ಣ ದೋಣಿಯಲ್ಲಿ ಹೋಗಿ, ಕೇಬಲ್ ಕಾರಿನಲ್ಲಿ ಮೇಲೆ ಹತ್ತಬೇಕು. ಸಂಜೆ ಎಲ್ಲರೂ ಒಟ್ಟಿಗೆ ಇಳಿಯಲು ಬಂದಾಗ ಆ ಸಾಲು ನೋಡಬೇಕು ನೀವು! ಬೇಡವಾದರೆ ಸುಮಾರು 600 ಮೆಟ್ಟಿಲು ಇಳಿಯಿರಿ. ದೋಣಿಯ ಬಂದರುಗಳಲ್ಲಿ ನೀವು ನೋಡಬೇಕಾದ ಸಮಯ ಹಡಗು ಹೊರಡುವುದಲ್ಲ, ಕೊನೆಯ ದೋಣಿ ಹೊರಡುವುದು. ಅದೂ ಹಡಗಿನ ಗಡಿಯಾರದ ಪ್ರಕಾರ.

ಸಮಯ ಹೋಗೇಬಿಟ್ಟಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಹತ್ತಿದ ದಿನ ಸುರಕ್ಷತಾ ತರಬೇತಿ ಇರುತ್ತದೆ. ಏಳು ಸಲ ಗಿಡ್ಡ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕು ಅಂತ ತೋರಿಸುತ್ತಾರೆ. ಬಾರಿನಲ್ಲಿ ಕೂತು ತಪ್ಪಿಸಿಕೊಳ್ಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆ ಹೊಸದಾಗಿ ಹತ್ತಿದ ನೂರಾರು ಜನರಿಗೆ ತರಬೇತಿ ಇನ್ನೂ ಆಗಿರಲಿಲ್ಲ. ಹತ್ತಿ 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಆಗ ನಿಯಮ ಇತ್ತು. ಈಗ ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಆಗಲೇಬೇಕು. ದಯವಿಟ್ಟು ಹೋಗಿ.

ಹೊಟ್ಟೆ ತೊಳಸುವವರು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ. ಅಲ್ಲಿ ಓಲಾಟ ಕಡಿಮೆ. ಮಾತ್ರೆಯನ್ನು ವೈದ್ಯರನ್ನು ಕೇಳಿ, ವಾಂತಿ ಶುರುವಾಗುವ ಮೊದಲೇ ತೆಗೆದುಕೊಳ್ಳಿ. ಡೆಕ್ಕಿಗೆ ಬಂದು ದೂರದ ಸಮುದ್ರದ ಅಂಚನ್ನು ನೋಡುತ್ತಾ ನಿಲ್ಲಿ.

ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಬರೀ ಸ್ಯಾನಿಟೈಸರ್ ಸಾಲದು. ಹಡಗಿನಲ್ಲಿ ಹರಡುವ ವಾಂತಿಭೇದಿಯ ನೋರೋವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಕ್ಯಾಬಿನ್ನಿನ ಗೋಡೆ ಉಕ್ಕಿನದು. ನಾಲ್ಕು ಅಯಸ್ಕಾಂತದ ಕೊಕ್ಕೆ ಒಯ್ದರೆ ಟೋಪಿ, ಚೀಲ, ಒದ್ದೆ ಬಟ್ಟೆ ಎಲ್ಲಕ್ಕೂ ಜಾಗ ಆಯಿತು. ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ ಒಯ್ಯಬೇಡಿ, ತೆಗೆದಿಟ್ಟುಕೊಳ್ಳುತ್ತಾರೆ. ಬಾಲ್ಕನಿಯ ಬಾಗಿಲು, ಕ್ಯಾಬಿನ್ ಬಾಗಿಲು ಎರಡನ್ನೂ ಒಟ್ಟಿಗೆ ತೆರೆಯಬೇಡಿ. ಗಾಳಿಗೆ ಬಾಗಿಲು ಬಡಿಯುವ ರಭಸಕ್ಕೆ ಬೆರಳು ಉಳಿಯುವುದಿಲ್ಲ.

ಹತ್ತುವ ದಿನ ದೊಡ್ಡ ಪೆಟ್ಟಿಗೆಯನ್ನು ದಡದಲ್ಲೇ ತೆಗೆದುಕೊಂಡು, ಸಂಜೆ ಯಾವಾಗಲೋ ಕ್ಯಾಬಿನ್ನಿಗೆ ತಲುಪಿಸುತ್ತಾರೆ. ಔಷಧಿ, ಪಾಸ್‌ಪೋರ್ಟ್, ಚಾರ್ಜರ್ ಕೈಚೀಲದಲ್ಲೇ ಇರಲಿ. ಹಡಗು ಹೊರಡುವ ಊರಿಗೆ ಹಿಂದಿನ ದಿನವೇ ಹೋಗಿ ಸೇರಿ. ನಿಮ್ಮ ವಿಮಾನ ತಡವಾಯಿತು ಅಂತಲೂ ಹಡಗು ಕಾಯುವುದಿಲ್ಲ.

ಕೊನೆಯ ರಾತ್ರಿ ಪೆಟ್ಟಿಗೆಯನ್ನು ಕ್ಯಾಬಿನ್ ಹೊರಗೆ ಇಡಬೇಕು. ನಾವು ಅದನ್ನು ರಾತ್ರಿಯೇ ಒಯ್ದುಬಿಡುತ್ತೇವೆ, ಮತ್ತೆ ನಿಮ್ಮ ಕೈಗೆ ಸಿಗುವುದು ದಡದಲ್ಲೇ. ಕೆಲವರು ಅಚ್ಚುಕಟ್ಟಾಗಿ ಎಲ್ಲವನ್ನೂ ತುಂಬಿ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಪೈಜಾಮದಲ್ಲಿ ಬಂದು ನಮ್ಮ ಮೇಜಿನ ಮುಂದೆ ನಿಲ್ಲುತ್ತಾರೆ. ಇಡೀ ಹಡಗಿನ ಮುಂದೆ, ವಲಸೆ ಅಧಿಕಾರಿಗಳ ಮುಂದೆ ಹಾಗೇ ಇಳಿದು ಹೋದವರನ್ನು ನಾನು ಕಂಡಿದ್ದೇನೆ. ಒಂದು ಜೊತೆ ಬಟ್ಟೆ, ಒಂದು ಜೊತೆ ಚಪ್ಪಲಿ ಒಳಗೇ ಇಟ್ಟುಕೊಳ್ಳಿ.

ನಮಸ್ಕಾರ.